ಬಿದಿರಿನಿಂದ ಕಾಗದ: ದಾಂಡೇಲಿಯ ಕಾರ್ಖಾನೆ

ನಾವು ದಿನವೂ ಬರೆಯುವ ಹಾಳೆ ಎಲ್ಲಿಂದ ಬರುತ್ತದೆ? ಭಟ್ಕಳ, ಹೊನ್ನಾವರ, ಕುಮಟೆಗಳ ವಿದ್ಯಾರ್ಥಿಗಳು ಉತ್ತರಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ಘಟ್ಟವನ್ನೇರಿ ತಮ್ಮ ಜಿಲ್ಲೆಯ ಉತ್ತರ ಭಾಗವನ್ನು ಸೇರಿದರೆ, ಕಾಳೀ ನದಿಯ ದಂಡೆಯ ದಾಂಡೇಲಿಯಲ್ಲಿ ದೊಡ್ಡ ಕಾಗದದ ಕಾರ್ಖಾನೆಯೊಂದಿದೆ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಎಂಬ ಈ ಸಂಸ್ಥೆ 1955ರಲ್ಲಿ ಸ್ಥಾಪಿತವಾಗಿ, 1959ರಲ್ಲಿ ಕಾಗದ ತಯಾರಿಸತೊಡಗಿತು.

ಕಾಡಿನ ನಡುವೆ ಕಾರ್ಖಾನೆಯೇಕೆ? ಒಂದು ಟನ್ ಕಾಗದಕ್ಕೆ ಎರಡು ಟನ್ನಿಗೂ ಹೆಚ್ಚು ಬಿದಿರು ಅಥವಾ ಮರ ಬೇಕು; ನೀರಂತೂ ಹೇರಳವಾಗಿ ಬೇಕು. ಜಪಾನಿನಲ್ಲೂ ಹೀಗೆಯೇ ಆಯಿತು. ಶಿಬುಸಾವ ಎಯಿಚಿ ಎಂಬ ಉದ್ಯಮಿ 1873ರಲ್ಲಿ ಸ್ಥಾಪಿಸಿದ ಸಂಸ್ಥೆ, ಟೋಕಿಯೋ ಬಳಿಯ ಓಜಿ ಎಂಬಲ್ಲಿ ಬಟ್ಟೆಯ ಚಿಂದಿಯಿಂದ ಕಾಗದ ಮಾಡಲಾರಂಭಿಸಿತು. ಚಿಂದಿ ಸಾಲದಾದಾಗ ಮರದ ತಿರುಳನ್ನು ಆಶ್ರಯಿಸಿತು. 1910ರಲ್ಲಿ ಉತ್ತರದ ಹೊಕ್ಕೈಡೊ ದ್ವೀಪದ ತೊಮಾಕೊಮಾಯಿಯಲ್ಲಿ, ಕಾಡೂ ನೀರೂ ಇರುವೆಡೆ, ಹೊಸ ಕಾರ್ಖಾನೆಯನ್ನು ತೆರೆಯಿತು.

ಕಾಗದ ತಯಾರಾಗುವ ಕ್ರಮವನ್ನು ಈಗ ನೋಡೋಣ. ಬಿದಿರಿನಲ್ಲಿ ಸೆಲ್ಯುಲೋಸಿನ ನಾರುಗಳನ್ನು ಲಿಗ್ನಿನ್ ಎಂಬ ಅಂಟು ಬಂಧಿಸಿರುತ್ತದೆ. ಬಿದಿರನ್ನು ಚೂರುಮಾಡಿ, ಕಾಸ್ಟಿಕ್ ಸೋಡ ಮತ್ತು ಸೋಡಿಯಂ ಸಲ್ಫೈಡುಗಳ ದ್ರಾವಣದಲ್ಲಿ, ಒತ್ತಡದಲ್ಲಿ, ಸುಮಾರು 170 ಡಿಗ್ರಿ ಸೆಂಟಿಗ್ರೇಡಿನಲ್ಲಿ ಬೇಯಿಸಿದರೆ ಲಿಗ್ನಿನ್ ಕರಗಿ ನಾರು ಉಳಿಯುತ್ತದೆ. ಉಳಿದ ಕಪ್ಪು ದ್ರಾವಣವೂ ವ್ಯರ್ಥವಲ್ಲ. ಅದನ್ನು ಉರಿಸಿ ಹಬೆಯನ್ನೂ ರಾಸಾಯನಿಕಗಳನ್ನೂ ಮರಳಿ ಪಡೆಯುತ್ತಾರೆ. ಬಿಳಿಚಿಸಿದ ತಿರುಳನ್ನು ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರಿನೊಡನೆ ಕಲಸಿ, ಓಡುವ ಜಾಲರಿಯ ಮೇಲೆ ಹರಿಸಿ, ಉರುಳೆಗಳ ನಡುವೆ ಹಿಂಡಿ ಒಣಗಿಸಿದರೆ ಹಾಳೆ ಸಿದ್ಧ.

ನಾರುಗಳನ್ನು ಹಿಡಿದಿಡುವುದಾವುದು? ನೀರು ಆರಿದಂತೆ ಅವು ಸಮೀಪಿಸಿ, ಒಂದರ ಜಲಜನಕದ ಪರಮಾಣುವನ್ನು ಇನ್ನೊಂದರ ಆಮ್ಲಜನಕ ಆಕರ್ಷಿಸುತ್ತದೆ. ಇದೇ ಜಲಜನಕ ಬಂಧ. ಹಾಳೆಯ ಒಂದು ಪಟ್ಟಿಯನ್ನು ನೆನೆಸಿ ಎಳೆದು ನೋಡಿರಿ. ನೀರಿನ ಅಣುಗಳು ನಡುವೆ ನುಗ್ಗಿ ಬಂಧವನ್ನು ಬಿಡಿಸುವುದರಿಂದ ಅದು ಸುಲಭವಾಗಿ ಹರಿಯುತ್ತದೆ.

ಆದರೆ ಬಿದಿರು ಅಕ್ಷಯವೆಂಬ ಎಣಿಕೆ ಸುಳ್ಳಾಯಿತು. ಸರಕಾರ ಕಾರ್ಖಾನೆಗೆ ಟನ್ನಿಗೆ ಕೆಲವೇ ರೂಪಾಯಿಗಳಂತೆ ಬಿದಿರು ಒದಗಿಸಿದರೆ, ಬುಟ್ಟಿ ಹೆಣೆಯುವ ಮೇದಾರರು ಅದಕ್ಕೆ ಬಹುಪಾಲು ಹೆಚ್ಚು ಬೆಲೆ ತೆರಬೇಕಾಗಿತ್ತು. ಮೆಳೆಗಳು ಕ್ಷೀಣಿಸಿದವು. ಕಾರಣವನ್ನು 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಮಾಧವ ಗಾಡ್ಗೀಳರು ಅಭ್ಯಸಿಸಿದರು. ಬೆಳವಣಿಗೆಗೆ ಅನುಕೂಲವೆಂದು ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ಸವರುವ ಪದ್ಧತಿಯಿತ್ತು. ಆ ಮುಳ್ಳೇ ಎಳೆಯ ಕಳಲೆಗೆ ಬೇಲಿಯೆಂದು ಹಳ್ಳಿಗರು ಹೇಳುತ್ತಿದ್ದರು. ಪರೀಕ್ಷಿಸಿದಾಗ ಅವರ ಮಾತೇ ನಿಜವಾಯಿತು: ಬೇಲಿ ಹೋದೊಡನೆ ದನಗಳೂ ಕಾಡುಪ್ರಾಣಿಗಳೂ ಕಳಲೆಯನ್ನು ಮೇಯುತ್ತಿದ್ದವು.

ಇಂದು ಕಾರ್ಖಾನೆ ಬಹುಮಟ್ಟಿಗೆ ನೀಲಗಿರಿ, ಸುಬಾಬುಲ್, ಗಾಳಿಮರ ಮೊದಲಾದ ನೆಟ್ಟು ಬೆಳೆಸಿದ ಮರಗಳನ್ನು ಅವಲಂಬಿಸಿದೆ. ಬಳಸಿದ ಕಾಗದವನ್ನು ಮರಳಿ ತಿರುಳಾಗಿಸಬಹುದಾದರೂ, ಪ್ರತಿಸಲವೂ ನಾರು ತುಂಡಾಗಿ ಸತ್ವಗುಂದುತ್ತದೆ. ಆದುದರಿಂದ ಹೊಸ ನಾರಿನ ಅಗತ್ಯ ತೀರದು. ಕಾಡನ್ನು ಬಲ್ಲವರ ಮಾತಿಗೆ ಕಿವಿಗೊಡುವ ಅಗತ್ಯವೂ ತೀರದು.