ರೆಕ್ಕೆ ತಟ್ಟಿ ನೋಡಿ ಕೊಂಡ ವಿಮಾನ

ಬವೇರಿಯಾದ ಒಂದು ಸಣ್ಣ ಏರ್‌ಫೀಲ್ಡಿನ ಹ್ಯಾಂಗರಿನಲ್ಲಿ ವಿಮಾನದ ರೆಕ್ಕೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಹೋದೆ. ಒಳಗಿನ ಮುಖ್ಯ ತೊಲೆಯ ಗುಂಟ ಟಕ್, ಟಕ್, ಟಕ್. ಬುಡದಿಂದ ಎರಡು ಮಾರು ದೂರದಲ್ಲಿ ಸದ್ದು ಬದಲಾಯಿತು: ಡಬ್. ಸಾಗರದ ನಮ್ಮ ಹಿತ್ತಿಲಲ್ಲಿ ಅಪ್ಪಯ್ಯ ಹಲಸು ತಟ್ಟಿ ನೋಡುವಾಗ ಡಬ್ ಎಂದರೆ ಹಣ್ಣಾಗಿದೆ ಎಂದರ್ಥ. ಇಲ್ಲಿ ಹಾಗಲ್ಲ. ಪ್ಲೈವುಡ್ ತೊಲೆಯಿಂದ ಬಿಟ್ಟುಕೊಂಡಿದೆ, ಒಳಗಿನ ಅಂಟು ಸತ್ತಿದೆ. ಎಂಜಿನ್ ಆಗಷ್ಟೇ ಬಿಚ್ಚಿ ಕಟ್ಟಿದ್ದು, ಬಣ್ಣ ಹೊಸದು, ಬೆಲೆಯೂ ಕಡಿಮೆ. ಆದರೂ ಬೇಡವೆಂದು ಬಂದೆವು.

ನಾವು ಎಂದರೆ ಮೂವರು. ನಾನು, ನನ್ನ ಆಫೀಸಿನ ಒಬ್ಬ ಸಹೋದ್ಯೋಗಿ, ಗ್ಲೈಡಿಂಗ್ ಕ್ಲಬ್ಬಿನ ಒಬ್ಬ ನಿವೃತ್ತ ಮೇಷ್ಟ್ರು. ಜರ್ಮನಿಯಲ್ಲಿ ಹೀಗೆ ಪಾಲು ಹಾಕಿ ವಿಮಾನ ಇಟ್ಟುಕೊಳ್ಳುವುದು ಸಾಮಾನ್ಯ. ನಾವು ಕೊಳ್ಳಹೊರಟಿದ್ದು ಮೂವರಿಗೂ ಮೊದಲ ಸ್ವಂತ ಮೋಟಾರ್ ಗ್ಲೈಡರ್.

ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳು ರೆಕ್ಕೆ ಬಡಿಯದೆ ಸುತ್ತು ಸುತ್ತುತ್ತಾ ಮೇಲೇರುವುದನ್ನು ನೋಡಿದವರಿಗೆ ಗ್ಲೈಡರ್ ಬೇಗ ಅರ್ಥವಾಗುತ್ತದೆ. ಬಿಸಿಲಿಗೆ ಕಾದ ನೆಲದಿಂದ ಗಾಳಿ ಮೇಲೆದ್ದಾಗ ಹದ್ದು ಅದರೊಳಗೇ ಸುತ್ತುತ್ತದೆ. ಗ್ಲೈಡರ್ ಕೂಡ ಹಾಗೆಯೇ. ಮೊದಲ ಮಹಾಯುದ್ಧದ ನಂತರ ವರ್ಸೇಲ್ಸ್ ಒಪ್ಪಂದ ಜರ್ಮನಿಯ ವಿಮಾನಗಳಿಗೆ ಕಡಿವಾಣ ಹಾಕಿದಾಗ, ಅಲ್ಲಿನ ಹುಡುಗರು 1920ರಿಂದ ವಾಸರ್‌ಕುಪ್ಪೆ ಎಂಬ ಬೆಟ್ಟದ ಮೇಲೆ ಸೇರಿ ಎಂಜಿನ್ ಇಲ್ಲದೆ ಹಾರುವ ಸ್ಪರ್ಧೆ ನಡೆಸಿದರು. ಆ ಹುಚ್ಚು ಇಲ್ಲಿ ಇನ್ನೂ ಇಳಿದಿಲ್ಲ. ಆದರೆ ಬರೀ ಗ್ಲೈಡರನ್ನು ಮೇಲೆ ಕಳಿಸಲು ಹಗ್ಗ ಸುತ್ತಿ ಎಳೆಯುವ ವಿಂಚ್ ಯಂತ್ರ ಬೇಕು ಅಥವಾ ಎಳೆದೊಯ್ಯಲು ಇನ್ನೊಂದು ವಿಮಾನ ಬೇಕು, ನಾಲ್ಕು ಜನರ ಕೈಯೂ ಬೇಕು. ಮೋಟಾರ್ ಗ್ಲೈಡರ್ ತನ್ನ ಎಂಜಿನ್ನಿನಿಂದಲೇ ಏರುತ್ತದೆ. ಮೇಲೆ ಹೋದ ಮೇಲೆ ಎಂಜಿನ್ ಆರಿಸಿ ತೇಲಬಹುದು, ಬೇಕಾದಾಗ ಮತ್ತೆ ಹೊತ್ತಿಸಬಹುದು.

ನಾವು ಹುಡುಕುತ್ತಿದ್ದದ್ದು ಷೈಬೆ ಎಸ್‌ಎಫ್-25 ಫಾಲ್ಕೆ. ಫಾಲ್ಕೆ ಎಂದರೆ ಡೇಗೆ. ಎಗಾನ್ ಷೈಬೆ ಎಂಬವರು ಡಾಖಾವ್ ಊರಿನಲ್ಲಿ ಕಟ್ಟಿದ ಕಂಪನಿಯ ಈ ವಿಮಾನ ಮೊದಲು ಹಾರಿದ್ದು 1963ರಲ್ಲಿ. ಅಕ್ಕಪಕ್ಕ ಎರಡು ಸೀಟು, ಹೊಟ್ಟೆಯಡಿ ಒಂದೇ ದೊಡ್ಡ ಚಕ್ರ, ರೆಕ್ಕೆಗಳ ಕೆಳಗೆ ಆನಿಕೆಗೆ ಪುಟ್ಟ ಚಕ್ರ. ರೆಕ್ಕೆಯ ಉದ್ದ ತುದಿಯಿಂದ ತುದಿಗೆ 15 ಮೀಟರಿಗಿಂತ ಸ್ವಲ್ಪ ಹೆಚ್ಚು. ನಾವು ಬಯಸಿದ 'ಸಿ' ಮಾದರಿಯಲ್ಲಿ ಲಿಂಬಾಖ್ ಕಂಪನಿಯ 60 ಕುದುರೆ ಶಕ್ತಿಯ ಎಂಜಿನ್; ಅದರ ಮೂಲ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನದು. ಎಂಜಿನ್ ಆರಿಸಿದರೆ ಒಂದು ಕಿಲೋಮೀಟರ್ ಎತ್ತರದಿಂದ ನಿಶ್ಚಲ ಗಾಳಿಯಲ್ಲಿ ಸುಮಾರು 23 ಕಿಲೋಮೀಟರ್ ತೇಲುತ್ತದೆ. ಫೈಬರಿನ ಗ್ರೋಬ್ 109, ಡಿಮೋನಾ ಇನ್ನೂ ದೂರ ಹೋಗುತ್ತವೆ, ಆದರೆ ನಮ್ಮ ಜೇಬು ಅಷ್ಟು ದೂರ ಹೋಗುತ್ತಿರಲಿಲ್ಲ. ಫಾಲ್ಕೆಯ ರೆಕ್ಕೆ ಮರದ್ದು, ಮೈ ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಬಿಗಿದದ್ದು. ಮರ, ಬಟ್ಟೆ, ಕಬ್ಬಿಣ ಮೂರಕ್ಕೂ ಶತ್ರು ಒಂದೇ: ತೇವ. ಮಲೆನಾಡಿನಲ್ಲಿ ಬೆಳೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಕೊಳ್ಳುವವರು ಮೊದಲು ಎಂಜಿನ್ ಕವರ್ ತೆರೆಯುತ್ತಾರೆ. ನಾನು ಮೊದಲು ಕೇಳುವುದು, ಇದು ರಾತ್ರಿ ಎಲ್ಲಿ ಮಲಗಿತ್ತು? ಹತ್ತು ವರ್ಷ ಬಯಲಿನಲ್ಲಿ ನಿಂತ ವಿಮಾನವನ್ನು ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಎಂಜಿನ್ ಕೆಟ್ಟರೆ ಇಳಿಸಿ ಕಳಿಸಬಹುದು, ಖರ್ಚು ಎಷ್ಟೆಂದು ಮೊದಲೇ ಗೊತ್ತಾಗುತ್ತದೆ. ರೆಕ್ಕೆಯ ಒಳಗಿನ ಅಂಟು ಬಿಟ್ಟರೆ ಎಲ್ಲಿಯವರೆಗೆ ಬಿಟ್ಟಿದೆ ಎಂದು ತಿಳಿಯಲು ರೆಕ್ಕೆಯನ್ನೇ ಬಿಚ್ಚಬೇಕು. ಆಮೇಲೆ ಲಾಗ್‌ಬುಕ್ ನೋಡಿ. ವರ್ಷಕ್ಕೆ ನಾಲ್ಕೈದು ಗಂಟೆ ಮಾತ್ರ ಹಾರಿದ ಎಂಜಿನ್ 'ಕಡಿಮೆ ಓಡಿದ್ದು' ಅಂತ ಖುಷಿಪಡುವಂತಿಲ್ಲ. ನಿಂತ ಎಂಜಿನ್ನಿನ ಸಿಲಿಂಡರ್ ಒಳಗಿಂದ ತುಕ್ಕು ಹಿಡಿಯುತ್ತದೆ. ಪ್ರತಿ ವರ್ಷವೂ ತಪ್ಪದೆ ಹಾರಿದ್ದು ಒಳ್ಳೆಯದು. ಬಾಲದ ಕಡೆ ಕೆಳಗಿನ ಕೊಳವೆಗಳನ್ನು ಟಾರ್ಚ್ ಹಿಡಿದು ನೋಡಬೇಕು, ಒಳಗೆ ಸೇರಿದ ನೀರು ಇಳಿದು ನಿಲ್ಲುವುದು ಅಲ್ಲೇ. ಜೊತೆಗೆ ವಿಮಾನ ತಪಾಸಣೆಯ ಪರವಾನಗಿ ಇರುವ, ಮಾರುವವರಿಗೆ ಸಂಬಂಧವಿಲ್ಲದ ಒಬ್ಬರನ್ನು ಕರೆದೊಯ್ಯಿರಿ. ಅವರಿಗೆ ಕೊಡುವ ಹಣದಲ್ಲಿ ಚೌಕಾಸಿ ಬೇಡ.

ನಾಲ್ಕನೆಯದಾಗಿ ನೋಡಿದ ಫಾಲ್ಕೆ ನಮ್ಮದಾಯಿತು. ಇಪ್ಪತ್ತನಾಲ್ಕು ಸಾವಿರ ಯೂರೋ. ಬಣ್ಣ ಮಾಸಿತ್ತು, ಸೀಟಿನ ಬಟ್ಟೆ ಹರಿದಿತ್ತು. ರೆಕ್ಕೆ ಮಾತ್ರ ಬುಡದಿಂದ ತುದಿಯವರೆಗೆ ಒಂದೇ ಸ್ವರದಲ್ಲಿ ಟಕ್ ಎಂದಿತು. ಬೆಲೆಯ ಕಾಲುಭಾಗದಷ್ಟು ಹಣವನ್ನು ಬೇರೆಯಾಗಿ ಎತ್ತಿಟ್ಟಿದ್ದೆವು. ಮೊದಲ ವರ್ಷದಲ್ಲೇ ಅದರಲ್ಲಿ ಮುಕ್ಕಾಲು ಖರ್ಚಾಯಿತು: ಹೊಸ ರೇಡಿಯೋ, ಸೀಟು ಬೆಲ್ಟ್, ಪೆಟ್ರೋಲ್ ಪೈಪುಗಳು. ಹ್ಯಾಂಗರ್ ಬಾಡಿಗೆ, ವಿಮೆ, ವರ್ಷಕ್ಕೊಮ್ಮೆಯ ಕಡ್ಡಾಯ ತಪಾಸಣೆಯ ಖರ್ಚು ಬೇರೆ. ಅವು ಹಾರಿದರೂ ಹಾರದಿದ್ದರೂ ಬರುತ್ತವೆ.

ಮೊದಲ ಸಲ ನಮ್ಮದೇ ವಿಮಾನದಲ್ಲಿ ಎಂಜಿನ್ ಆರಿಸಿದ ಕ್ಷಣವನ್ನು ಹೇಳದಿದ್ದರೆ ಆಗದು. ಸಾವಿರದ ಇನ್ನೂರು ಮೀಟರ್ ಎತ್ತರ. ಎಂಜಿನ್ ಗಾಳಿಯಿಂದಲೇ ತಣಿಯುವಂಥದ್ದು, ಬಿಸಿಯಿದ್ದಾಗ ತಟ್ಟನೆ ಆರಿಸಬಾರದು. ಎರಡು ನಿಮಿಷ ಮೆಲ್ಲಗೆ ಓಡಿಸಿ, ಎಣ್ಣೆಯ ಬಿಸಿ ಇಳಿಯುವುದನ್ನು ಕಾದು, ಇಗ್ನಿಷನ್ ಆಫ್ ಮಾಡಿದೆ. ಪ್ರೊಪೆಲ್ಲರ್ ಒಂದೆರಡು ಸುತ್ತು ತಡವರಿಸಿ ನಿಂತಿತು. ಆಮೇಲೆ ಕೇಳಿದ್ದು ಸೀಟುಗಳ ಮೇಲಿನ ಪಾರದರ್ಶಕ ಮುಚ್ಚಳದ, ಅಂದರೆ ಕ್ಯಾನೊಪಿಯ, ಸಂದಿಯಲ್ಲಿ ಗಾಳಿಯ ಸುಯ್ ಎಂಬ ಸದ್ದು, ಮತ್ತೆ ಕೆಳಗೆಲ್ಲೋ ಚರ್ಚಿನ ಗಂಟೆ. ಎಡರೆಕ್ಕೆಯನ್ನು ಯಾರೋ ಮೆತ್ತಗೆ ಎತ್ತಿದ ಹಾಗಾಯಿತು. ಆ ಕಡೆಗೇ ತಿರುಗಿಸಿದೆ. ಮೂರು ಸುತ್ತಿಗೆ ಇನ್ನೂರು ಮೀಟರ್ ಏರಿದೆವು, ಒಂದು ಹನಿ ಪೆಟ್ರೋಲ್ ಇಲ್ಲದೆ.

ಆ ವರ್ಷದ ಚಳಿಗಾಲ ನಮಗೆ ಪಾಠ ಕಲಿಸಿತು. ಧೂಳು ಕೂರಬಾರದೆಂದು ಇಡೀ ವಿಮಾನಕ್ಕೆ ಪ್ಲಾಸ್ಟಿಕ್ ಟಾರ್ಪಾಲು ಹೊದೆಸಿ, ಅಂಚು ಬಿಗಿದು ಕಟ್ಟಿದ್ದೆವು. ಮಾರ್ಚಿನಲ್ಲಿ ತೆಗೆದಾಗ ಒಳಗೆ ನಮ್ಮೂರಿನ ಶ್ರಾವಣದ ವಾಸನೆ. ಸೀಟಿನ ಮೇಲೆ ಬೂಸ್ಟು, ಬಾಲದ ಕೀಲುಗಳಲ್ಲಿ ಕೆಂಪು ತುಕ್ಕು, ಸಾಮಾನಿಡುವ ಜಾಗದಲ್ಲಿ ಇಲಿಯ ಗೂಡು. ಫೋನಿನಲ್ಲಿ ಅಪ್ಪಯ್ಯನಿಗೆ ಹೇಳಿದೆ.

"ಅಲ್ಲಾ ಮಾರಾಯ್ತಿ, ಮರದ ಸಾಮಾನಿಗೆ ಪ್ಲಾಸ್ಟಿಕ್ ಹೊದೆಸ್ತಾರಾ? ನಮ್ಮನೆ ಮರದ ಪೆಟ್ಟಿಗೆಗೆ ಯಾವತ್ತಾದ್ರೂ ಹೊದೆಸಿದ್ದು ನೋಡಿದ್ಯಾ? ಉಸಿರಾಡ್ಲಿ ಬಿಡು ಅದು."

ಈಗ ಹತ್ತಿಬಟ್ಟೆಯ ಹೊದಿಕೆ ಮಾಡಿಸಿದ್ದೇವೆ, ಅದೂ ಕ್ಯಾನೊಪಿಗೆ ಮಾತ್ರ. ರೆಕ್ಕೆಯ ಅಡಿಯಲ್ಲಿ ನೀರು ಇಳಿದುಹೋಗಲೆಂದು ಬಿಟ್ಟಿರುವ ಪುಟ್ಟ ತೂತುಗಳು ಜೇಡನ ಬಲೆಯಿಂದ ಮುಚ್ಚಿಕೊಳ್ಳುತ್ತವೆ. ತಿಂಗಳಿಗೊಮ್ಮೆ ಮೊಂಡು ಕಡ್ಡಿಯಿಂದ ಬಿಡಿಸುತ್ತೇವೆ. ಮರದ ಪ್ರೊಪೆಲ್ಲರನ್ನು ನೆಟ್ಟಗೆ ನಿಲ್ಲಿಸದೆ ಅಡ್ಡಡ್ಡ ನಿಲ್ಲಿಸುತ್ತೇವೆ, ಇಲ್ಲದಿದ್ದರೆ ತೇವವೆಲ್ಲ ಕೆಳಗಿನ ಅಲಗಿಗೆ ಇಳಿದು ತೂಕ ತಪ್ಪುತ್ತದೆ. ಒಣಹವೆಯಲ್ಲಿ ಮರ ಕುಗ್ಗಿ ಅದರ ಬೋಲ್ಟುಗಳೂ ಸಡಿಲಾಗುತ್ತವೆ, ಹಾಗಾಗಿ ಋತು ಬದಲಾದಾಗಲೆಲ್ಲ ಅವನ್ನು ನಿಗದಿತ ಬಿಗಿತಕ್ಕೆ ಪರೀಕ್ಷಿಸಬೇಕು. ಎಣ್ಣೆ ಬದಲಿಸುವುದು, ವಾಲ್ವಿನ ಸಂದು ಸರಿಮಾಡುವುದು ಮೇಷ್ಟ್ರ ಪಾಲು. ಅವರು ಎಣ್ಣೆ ಫಿಲ್ಟರ್ ಕುಯ್ದು ಕಾಗದದ ಮಡಿಕೆಗಳನ್ನು ಬಿಡಿಸಿ, ಲೋಹದ ಹೊಳಪು ಕಾಣುತ್ತದೆಯೇ ಎಂದು ಕಿಟಕಿಯ ಬೆಳಕಿಗೆ ಹಿಡಿಯುವುದನ್ನು ನೋಡಿದರೆ ಪಂಚಾಂಗ ನೋಡುವ ಪುರೋಹಿತರ ನೆನಪಾಗುತ್ತದೆ.

ಇಲ್ಲಿ ಹಾರಾಟದ ದಿನಗಳು ಮುಗಿಯುವ ಹೊತ್ತಿಗೆ ನಮ್ಮ ಆಯುಧಪೂಜೆ ಬರುತ್ತದೆ. ಕಳೆದ ಸಲ ಪ್ರೊಪೆಲ್ಲರಿನ ನಡುಗುಂಬಕ್ಕೆ ಅರಿಸಿನ ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, ವಿಡಿಯೋ ಕಾಲಿನಲ್ಲಿ ಅಪ್ಪಯ್ಯನಿಗೆ ತೋರಿಸಿದೆ. ಮೇಷ್ಟ್ರು ಟೋಪಿ ತೆಗೆದು ಪಕ್ಕದಲ್ಲಿ ನಿಂತರು. ಅಪ್ಪಯ್ಯ ಎಲ್ಲವನ್ನೂ ನೋಡಿ ಕೇಳಿದ್ದು ಒಂದೇ ಮಾತು.

"ತಟ್ಟಿ ನೋಡಿದ್ಯಾ ಈ ವರ್ಷ?"

ಫೋನನ್ನು ರೆಕ್ಕೆಯ ಹತ್ತಿರ ಹಿಡಿದು ಬುಡದಿಂದ ತಟ್ಟತೊಡಗಿದೆ.