ಬೆಳಗಾಗುವ ತನಕ ಫೈಟಿಂಗ್ ಪಿಕ್ಚರ್

ಕುಂಗ್‌ಫೂ ಚಿತ್ರವನ್ನಾಗಲಿ ಜಪಾನಿನ ಅನಿಮೆಯನ್ನಾಗಲಿ ಮೊಬೈಲಿನಲ್ಲಷ್ಟೇ ನೋಡಿದವರು ಅದರ ಅರ್ಧವನ್ನು ಮಾತ್ರ ನೋಡಿದ್ದಾರೆ. ಉಳಿದರ್ಧ ಇರುವುದು ದೊಡ್ಡ ಪರದೆಯಲ್ಲಿ, ಅದರ ಮುಂದೆ ಕೂತ ಜನರಲ್ಲಿ. ಬಿದ್ದ ನಾಯಕ ಮತ್ತೆ ಎದ್ದು ನಿಂತಾಗ ಹಿಂದಿನ ಸಾಲಿನಿಂದ ಹಾರುವ ಸೀಟಿಯೂ ಈ ಕಲೆಯದೇ ಭಾಗ. 2025ರ ಸೆಪ್ಟೆಂಬರ್ 12ರಂದು ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಅನಿಮೆ ಭಾರತದಲ್ಲಿ ಬಿಡುಗಡೆಯಾದಾಗ ಹಲವು ನಗರಗಳಲ್ಲಿ ನಸುಕಿನಲ್ಲೇ ಆಟಗಳು ಶುರುವಾದವು. ನಿದ್ದೆಗೆಟ್ಟು ಬಂದ ಹುಡುಗ ಹುಡುಗಿಯರಿಗೆ ಬೇಕಿದ್ದದ್ದು ಆ ಒಟ್ಟಿಗೆ ಕೂಗುವ ಖುಷಿ.

ಕಲಬುರಗಿಗೆ ಈ ಖುಷಿ ಹೊಸತಲ್ಲ. ರಾತ್ರಿಯಿಡೀ ಕೂತು ಯುದ್ಧ ನೋಡುವುದನ್ನು ನಮಗೆ ಕಲಿಸಿದ್ದು ದೊಡ್ಡಾಟ. ಕುಣಿತದ ಹೆಜ್ಜೆಯಲ್ಲೇ ಬಾಣ ಬಿಡುವ ಅರ್ಜುನ, ಅಬ್ಬರಿಸಿ ರಂಗಕ್ಕೆ ಬರುವ ರಾಕ್ಷಸ, ಏಟಿಗೆ ಸರಿಯಾಗಿ ಬೀಳುವ ಮದ್ದಳೆಯ ಪೆಟ್ಟು. ಹಾಂಗ್‌ಕಾಂಗ್‌ನ ಕುಂಗ್‌ಫೂ ಸಿನಿಮಾ ಹುಟ್ಟಿದ್ದೂ ಇಂಥದೇ ರಂಗಭೂಮಿಯ ಮಡಿಲಲ್ಲಿ. ಜಾಕಿ ಚಾನ್ ಮತ್ತು ಸಮ್ಮೊ ಹಂಗ್ ಬಾಲ್ಯದಲ್ಲಿ ಪಳಗಿದ್ದು ಪೀಕಿಂಗ್ ಒಪೆರಾ ಕಲಿಸುವ ಶಾಲೆಯಲ್ಲಿ. ಲಾಗ, ಹಾಡು, ಅಭಿನಯ, ಕತ್ತಿವರಸೆ ಎಲ್ಲವೂ ಅಲ್ಲಿ ಒಂದೇ ಪಾಠ. ಅದಕ್ಕೇ ಜಾಕಿಯ ಹೊಡೆದಾಟಕ್ಕೆ ತಾಳವಿದೆ. ಹೊಡೆಯುವವನೂ ಬೀಳುವವನೂ ಒಂದೇ ಚೌಕಟ್ಟಿನಲ್ಲಿ ತಲೆಯಿಂದ ಪಾದದವರೆಗೆ ಕಾಣಬೇಕು ಎಂಬುದು ಈ ಪರಂಪರೆಯ ಹಟ. ಚಿಕ್ಕ ಪರದೆಯಲ್ಲಿ ಮೊದಲು ಕಳೆದುಹೋಗುವುದು ಆ ಪಾದಗಳೇ.

ಅನಿಮೆಯ ಕೌಶಲ ಬೇರೆ ಬಗೆಯದು. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಅನಿಮೆ ಕಲಾವಿದರು ಸಾಮಾನ್ಯವಾಗಿ ಅಷ್ಟಕ್ಕೆ 12 ಅಥವಾ 8 ಚಿತ್ರ ಬರೆದು ಸಾಗಿಸುತ್ತಾರೆ. ಹಾಗೆ ಉಳಿಸಿದ ಶ್ರಮವನ್ನೆಲ್ಲ ಕತ್ತಿ ಬೀಸುವ ಆ ಒಂದು ಗಳಿಗೆಗೆ ಸುರಿಯುತ್ತಾರೆ. ನಿಶ್ಚಲ ಮುಖ, ಗಾಳಿಗೆ ಅಲುಗುವ ಕೂದಲು, ಆಮೇಲೆ ಥಟ್ಟನೆ ಸಿಡಿಲು. ಆ ಸಿಡಿಲಿಗೆ ಗೋಡೆಯಗಲದ ಪರದೆ ಬೇಕು, ಎದೆ ನಡುಗಿಸುವ ಸದ್ದು ಬೇಕು.

ಕಲಬುರಗಿಯಲ್ಲಿ ಇಂಥ ಹೊಡೆದಾಟದ ಚಿತ್ರಗಳ ಒಂದು ಅಹೋರಾತ್ರಿ ಆಟವಾಗಬೇಕು. ಚಿತ್ರಗಳಿಗಾಗಿ ಬಹಳ ದೂರ ಹುಡುಕಬೇಕಿಲ್ಲ. ಮೊದಲಿಗೆ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978). ಅಕಿರಾ ಕುರೊಸಾವಾರ ಸಮುರಾಯ್ ಚಿತ್ರಗಳ ಪ್ರೇರಣೆಯನ್ನು ಹೊಯ್ಸಳರ ಕಾಲದ ಕನ್ನಡ ನೆಲಕ್ಕೆ ತಂದು ನೆಟ್ಟ ಚಿತ್ರ ಇದು. ಶಂಕರ್ ನಾಗ್ ಅವರ ಮೊದಲ ಸಿನಿಮಾ. ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ತಂದದ್ದೂ ಇದೇ. ಎರಡನೆಯದು ಜಾಕಿ ಚಾನ್‌ನ ‘ದಿ ಮಿಥ್’ (2005). ಸ್ಟ್ಯಾನ್ಲಿ ಟಾಂಗ್ ನಿರ್ದೇಶನದ ಆ ಚಿತ್ರಕ್ಕಾಗಿ ಜಾಕಿ ನಮ್ಮ ಹಂಪಿಯ ಬಂಡೆಗಳ ನಡುವೆ ಓಡಾಡಿದ್ದಾನೆ. ಮೂರನೆಯದು ಯುಗೊ ಸಾಕೊ, ಕೊಯಿಚಿ ಸಸಾಕಿ ಮತ್ತು ಭಾರತದ ರಾಮ್ ಮೋಹನ್ ಸೇರಿ ಕಟ್ಟಿದ ರಾಮಾಯಣದ ಅನಿಮೆ (1993). ಅದು 2025ರ ಜನವರಿಯಲ್ಲಿ ಹೊಸ ಮೆರುಗಿನೊಂದಿಗೆ ನಮ್ಮ ಚಿತ್ರಮಂದಿರಗಳಿಗೆ ಬಂದಿತ್ತು.

ಆಟ ಸಂಜೆ ಶುರುವಾಗಿ ಬೆಳಗಿಗೆ ಮುಗಿಯಬೇಕೆನ್ನುವುದಕ್ಕೆ ಕಾರಣವಿದೆ. ಕೆಂಪು ಬಾಳೆಯ ಊರು ಕಮಲಾಪುರದ ಹುಡುಗರು ಹುಮನಾಬಾದ್ ರಸ್ತೆಯ ಬಸ್ಸಿನಲ್ಲೋ, 2017ರಲ್ಲಿ ಶುರುವಾದ ಬೀದರ್–ಕಲಬುರಗಿ ಮಾರ್ಗದ ರೈಲಿನಲ್ಲೋ ನಗರಕ್ಕೆ ಬರಬಹುದು. ಆದರೆ ಸೆಕೆಂಡ್ ಷೋ ಬಿಟ್ಟ ನಡುರಾತ್ರಿಯಲ್ಲಿ ಊರು ಸೇರುವುದು ಕಷ್ಟ. ದೊಡ್ಡಾಟದ ಹಿರಿಯರು ಇದಕ್ಕೆ ಪರಿಹಾರ ಎಂದೋ ಕಂಡುಕೊಂಡಿದ್ದರು: ಬೆಳಕು ಹರಿಯುವ ತನಕ ಆಡಿಸುವುದು, ಜನ ಹಗಲಿನಲ್ಲಿ ನೆಮ್ಮದಿಯಿಂದ ಊರು ಸೇರುವುದು.

ಇಷ್ಟೆಲ್ಲ ಇದ್ದರೂ ಒಂದು ಕೊರತೆ ಉಳಿಯುತ್ತದೆ. ‘ಇನ್ಫಿನಿಟಿ ಕ್ಯಾಸಲ್’ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ರಾಮಾಯಣದ ಅನಿಮೆಯದ್ದೂ ಅದೇ ಕಥೆ. ದಖನಿ ಉರ್ದು, ತೆಲುಗು, ಮರಾಠಿ ಕಿವಿಗೆ ಬೀಳುತ್ತಲೇ ಇರುವ ಕಲಬುರಗಿ ಯಾವ ಭಾಷೆಯಲ್ಲಾದರೂ ಚಿತ್ರ ನೋಡುತ್ತದೆ, ನಿಜ. ಹಾಗೆಂದು ಕಮಲಾಪುರದ ಹತ್ತು ವರ್ಷದ ಮಗು ಅನಿಮೆಯನ್ನು ಇನ್ನೊಂದು ಭಾಷೆಯ ಮೂಲಕವೇ ನೋಡಬೇಕೆಂಬ ನಿಯಮವೇನೂ ಇಲ್ಲ. ಡಬ್ಬಿಂಗ್ ತಡೆಯುವುದು ತಪ್ಪೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲೇ ಹೇಳಿದೆ. 2017ರಿಂದ ಡಬ್ಬಿಂಗ್ ಚಿತ್ರಗಳು ಕನ್ನಡದ ಪರದೆಗೆ ಬರುತ್ತಿವೆ. 2009ರಲ್ಲಿ ಬಂದ ಚಿಂಟು ಟಿವಿಯಿಂದಾಗಿ ಒಂದು ಪೀಳಿಗೆಯೇ ಕನ್ನಡ ಮಾತಾಡುವ ಕಾರ್ಟೂನುಗಳನ್ನು ನೋಡಿ ಬೆಳೆದಿದೆ. ಅಶ್ವಿನ್ ಕುಮಾರ್ ನಿರ್ದೇಶಿಸಿ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ‘ಮಹಾವತಾರ ನರಸಿಂಹ’ 2025ರಲ್ಲಿ ಕನ್ನಡದಲ್ಲೂ ತೆರೆಕಂಡಿತು. ಅನಿಮೇಷನ್ ಚಿತ್ರಕ್ಕೆ ಇಡೀ ಸಂಸಾರವೇ ಚಿತ್ರಮಂದಿರಕ್ಕೆ ಬರುತ್ತದೆಂದು ಅದು ತೋರಿಸಿಕೊಟ್ಟಿತು.

ಪರದೆ ಇದೆ, ಸೀಟಿ ಹೊಡೆಯುವವರಿದ್ದಾರೆ, ರಾತ್ರಿಯಿಡೀ ಕೂರುವ ಅಭ್ಯಾಸ ಅಜ್ಜನ ಕಾಲದ್ದು. ವಿತರಕರು ಮುಂದಿನ ಅನಿಮೆಗೆ ಕನ್ನಡದ ದನಿ ಕೊಡಲಿ. ಬಿಡುಗಡೆಯ ಪಟ್ಟಿ ಮಾಡುವಾಗ ಬೆಂಗಳೂರಿನ ಜೊತೆಗೇ ಕಲಬುರಗಿಯ ಹೆಸರನ್ನೂ ಬರೆಯಲಿ.