ನೊಬತ್ ಮೊಳಗಿದರೆ ಮಾತ್ರ ಸುಲ್ತಾನ!

ಒಂದು ನಗಾರಿ, ಎರಡು ಮದ್ದಳೆ, ಶಹನಾಯಿಯಂಥ ಒಂದು ಸೆರುನಾಯ್, ಉದ್ದನೆಯ ಒಂದು ಬೆಳ್ಳಿ ಕಹಳೆ. ಹೆಚ್ಚುಕಡಿಮೆ ಇಷ್ಟೇ ವಾದ್ಯ! ಇವು ಮೊಳಗಿದರೆ ಮಲಯ ನಾಡಿನ ರಾಜಕುಮಾರ ಸುಲ್ತಾನನಾಗುತ್ತಿದ್ದ. ಮೊಳಗದಿದ್ದರೆ ಸೈನ್ಯ, ಖಜಾನೆ ಎಲ್ಲ ಇದ್ದರೂ ಅವನ ಪಟ್ಟಕ್ಕೆ ಬೆಲೆಯಿಲ್ಲ. ನೊಬತ್ ಎಂಬ ಈ ಅರಮನೆ ಮೇಳದ ಕಥೆ ಓದುತ್ತ ಹೋದಂತೆ ಮೈ ಜುಮ್ಮೆನ್ನುತ್ತದೆ.

ಮಲಯದ ಪೆರಾಕ್ ರಾಜ್ಯದಲ್ಲಿ ಪಟ್ಟವೇರುವವನು ನೊಬತ್ ನುಡಿಯುವಷ್ಟು ಹೊತ್ತೂ ಅಲುಗಾಡದೆ ಕೂರಬೇಕು. ನುಡಿಸುವವರೂ ಯಾರೋ ಅಲ್ಲ, ವಂಶಪಾರಂಪರ್ಯವಾಗಿ ಈ ಸೇವೆ ಮಾಡಿಕೊಂಡು ಬಂದ ‘ಒರಾಂಗ್ ಕಲಾವ್’ ಮನೆತನದವರು. ಮೆಲಕಾ ಸುಲ್ತಾನರ ರಾಜ್ಯ ಮೆರೆಯುತ್ತಿದ್ದಾಗ ಕೆದಾದ ರಾಜ ಅಲ್ಲಿಗೆ ಹೋಗಿ ನೊಬತ್ ಬೇಡಿ ಪಡೆದನೆಂದು ಮಲಯ ಇತಿಹಾಸ ಗ್ರಂಥ ‘ಸೆಜಾರಾ ಮೆಲಾಯು’ ಹೇಳುತ್ತದೆ. ಯೋಚಿಸಿ, ಒಬ್ಬ ರಾಜ ಇನ್ನೊಬ್ಬ ರಾಜನ ಬಳಿ ವಾದ್ಯ ಕೇಳುತ್ತಿದ್ದಾನೆ! ಕೊಟ್ಟವನು ದೊಡ್ಡವನು, ಪಡೆದವನು ಅವನ ಆಶ್ರಿತ. ಕರಾರುಪತ್ರಕ್ಕಿಂತ ಗಟ್ಟಿಯಾದ ಸಂಬಂಧ ಅದು.

ಆದರೆ ನನ್ನನ್ನು ಬೆರಗಾಗಿಸಿದ್ದು ರಿಯಾವ್ ದ್ವೀಪಸಮೂಹದ ಪುಟ್ಟ ಪೆನ್ಯೆಂಗಾತ್‌ನಲ್ಲಿದ್ದ ಒಬ್ಬ ಹೆಣ್ಣುಮಗಳು. ಹೆಸರು ಎಂಗ್ಕು ಪುತ್ರಿ ಹಮೀದಾ. ಗಂಡ, ರಿಯಾವ್‌ನ ಸುಲ್ತಾನ್ ಮಹಮೂದ್ ತೀರಿಕೊಂಡಾಗ ನೊಬತ್ ಸಹಿತ ರಾಜಲಾಂಛನಗಳೆಲ್ಲ ಆಕೆಯ ವಶದಲ್ಲಿದ್ದವು. ಪಟ್ಟಕ್ಕೆ ಇಬ್ಬರು ಮಲಮಕ್ಕಳು: ಹಿರಿಯ ಹುಸೇನ್, ಕಿರಿಯ ಅಬ್ದುಲ್ ರಹಮಾನ್. ಆಕೆಯ ಒಲವು ಹುಸೇನನ ಕಡೆಗೆ. ಕಿರಿಯನಿಗೆ ಲಾಂಛನ ಕೊಡಲು ಒಪ್ಪಲೇ ಇಲ್ಲ. 1819ರಲ್ಲಿ ಬ್ರಿಟಿಷ್ ಅಧಿಕಾರಿ ರಾಫಲ್ಸ್ ಸಿಂಗಾಪುರದಲ್ಲಿ ಹುಸೇನನನ್ನು ಸುಲ್ತಾನನೆಂದು ಸಾರಿದ, ಆದರೆ ಅವನ ಕೈಗೂ ಲಾಂಛನಗಳು ಸೇರಲಿಲ್ಲ. ಕೊನೆಗೆ 1822ರಲ್ಲಿ ಡಚ್ಚರು ಬಲಪ್ರಯೋಗದಿಂದ ಅವನ್ನು ಕಿತ್ತುಕೊಂಡು, ಮರುವರ್ಷ ಅಬ್ದುಲ್ ರಹಮಾನನಿಗೆ ಪಟ್ಟ ಕಟ್ಟಿದರು. ಯೂರೋಪಿನ ದೊಡ್ಡ ಶಕ್ತಿಯೊಂದು ಕೆಲವು ವಾದ್ಯಗಳಿಗಾಗಿ ಒಬ್ಬ ವಿಧವೆಯ ಬಾಗಿಲಿಗೆ ಬಂದು ನಿಲ್ಲಬೇಕಾಯಿತು! ತೋಪು, ಹಡಗುಗಳಿದ್ದವರಿಗೂ ಆ ನಾದವಿಲ್ಲದೆ ರಾಜನನ್ನು ಮಾಡಲಾಗಲಿಲ್ಲ. ಆಕೆಯ ಹಠಕ್ಕೆ ಇತಿಹಾಸ ಇನ್ನೂ ಸಾಕಷ್ಟು ಗೌರವ ಕೊಟ್ಟಿಲ್ಲ ಎಂದೇ ನನಗನ್ನಿಸುತ್ತದೆ.

ಬಿಜಾಪುರದ ಗೋಲಗುಮ್ಮಟದ ಮುಂದಿರುವ, ಈಗ ವಸ್ತುಸಂಗ್ರಹಾಲಯವಾಗಿರುವ ನಗಾರಖಾನೆ ನೋಡಿದವರಿಗೆ ಇದೆಲ್ಲ ತೀರ ಪರಕೀಯವೆನಿಸದು. ನಗಾರಿ ಮೊಳಗಿಸುವ ಇಸ್ಲಾಮೀ ಆಸ್ಥಾನಗಳ ಅದೇ ಪದ್ಧತಿ ಕಡಲು ದಾಟಿ ಮಲಯ ನಾಡಿನಲ್ಲಿ ಬೇರೂರಿತು. ನಮ್ಮ ನಗಾರಖಾನೆ ಮೌನವಾಗಿದೆ. ಅಲ್ಲಿನದು ಕೆದಾ, ಪೆರಾಕ್, ಸೆಲಾಂಗೊರ್, ತೆರೆಂಗಾನು, ಬ್ರೂನೈ ಅರಮನೆಗಳಲ್ಲಿ ಇಂದಿಗೂ ನುಡಿಯುತ್ತಿದೆ. ಮಲೇಷ್ಯಾ ಪ್ರವಾಸ ಹೊರಟವರು ಕೌಲಾಲಂಪುರದ ಜೋಡಿ ಗೋಪುರಗಳಿಗೇ ನಿಲ್ಲಬೇಡಿ. ಕೆದಾದ ಅಲೋರ್ ಸೆತಾರ್‌ವರೆಗೂ ಹೋಗಿ, ನೊಬತ್‌ಗಾಗಿಯೇ ಕಟ್ಟಿಸಿದ ಹಳದಿ ಗುಮ್ಮಟದ ಬಲಾಯ್ ನೊಬತ್ ನೋಡಿ ಬನ್ನಿ.